ನಿಂತ ಹಳೆಯ ಮೋಟಾರ್ ಸೈಕಲ್: ದೋಷ ಹುಡುಕುವ ಕ್ರಮ



ಆಳುಗಳ ಬಟವಾಡೆಗೆ ಹಣ ತರಲು, ಪಂಪ್‌ಸೆಟ್ಟಿನ ಬಿಡಿಭಾಗಕ್ಕೆ ಪೇಟೆಗೆ ಹೋಗಲು, ಅಪರಾತ್ರಿಯಲ್ಲಿ ಔಷಧ ತರಲು ನಮ್ಮಲ್ಲಿ ಅನೇಕರಿಗೆ ಇಂದಿಗೂ ಹಳೆಯ ಮೋಟಾರ್ ಸೈಕಲ್ಲೇ ಆಧಾರ. ಅದು ಘಟ್ಟದ ತಿರುವಿನಲ್ಲಿ ನಿಂತು, ಎಷ್ಟು ಒದ್ದರೂ ಹೊರಡದಿದ್ದರೆ ಕೊಯ್ಲಿನ ಒಂದು ದಿನವೇ ಕೈಬಿಟ್ಟಂತೆ. ಆಗ ಸಿಕ್ಕ ತಿರುಪನ್ನೆಲ್ಲ ತಿರುಗಿಸುವುದು ಸರಿಯಲ್ಲ. ಅಡಕೆಯ ಎಲೆ ಹಳದಿಯಾದರೆ ನಾವು ಮೊದಲು ಬಸಿಗಾಲುವೆ, ಬೇರು ನೋಡಿ ಆಮೇಲೆ ಗೊಬ್ಬರದ ಮಾತೆತ್ತುತ್ತೇವೆ. ಯಂತ್ರಕ್ಕೂ ಅದೇ ನ್ಯಾಯ.

ನಮ್ಮ ಭಾಗದಲ್ಲಿ ಇನ್ನೂ ಉಳಿದಿರುವ ಹಳೆಯ ಗಾಡಿಗಳಲ್ಲಿ ಮೈಸೂರಿನಲ್ಲೇ ತಯಾರಾದ ಜಾವಾ ಮತ್ತು ಯೆಜ್ಡಿ ಮುಖ್ಯವಾದವು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಕೆಲಸ ಆರಂಭಿಸಿ, 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರಿಗೆ ಬದಲಾಗಿ, 1996ರಲ್ಲಿ ಮುಚ್ಚಿತು. ಇವುಗಳಲ್ಲಿ ಹೆಚ್ಚಿನವು 250 ಸಿ.ಸಿ.ಯ ಎರಡು ಸ್ಟ್ರೋಕಿನ ಎಂಜಿನ್ನುಗಳು. ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಹಾಕಬೇಕು. 2022ರಲ್ಲಿ ಮತ್ತೆ ಬಂದ ಯೆಜ್ಡಿ ನಾಲ್ಕು ಸ್ಟ್ರೋಕಿನದು. ಅದಕ್ಕೆ ಈ ಪಾಠ ಅನ್ವಯಿಸದು.

ಮೊದಲ ಪ್ರಶ್ನೆ: ಗಾಡಿ ಹೇಗೆ ನಿಂತಿತು?

ದೀಪ ಆರಿಸಿದಂತೆ ತಟ್ಟನೆ ನಿಂತರೆ ದೋಷ ಬಹುಮಟ್ಟಿಗೆ ಕಿಡಿಯದು. ಮುಕ್ಕರಿಸಿ, ಎಳೆತ ಕಡಿಮೆಯಾಗಿ, ನಿಧಾನವಾಗಿ ನಿಂತರೆ ಪೆಟ್ರೋಲಿನದು. ಚಕ್ರವೇ ಹಿಡಿದಂತಾಗಿ ನಿಂತು, ಕಿಕ್ ಕೆಳಗಿಳಿಯದಿದ್ದರೆ ಪಿಸ್ಟನ್ ಕಚ್ಚಿದೆ ಎಂದರ್ಥ. ಆಗ ಒದೆಯುವುದಾಗಲಿ ತಳ್ಳುವುದಾಗಲಿ ಕೂಡದು. ಪೂರ್ತಿ ಆರಿದ ಬಳಿಕ ಮೆಕ್ಯಾನಿಕ್‌ಗೆ ತೋರಿಸಬೇಕು.

ಎರಡನೆಯ ಹೆಜ್ಜೆ: ಪ್ಲಗ್ ನೋಡುವುದು

ಪೆಟ್ರೋಲ್ ನಲ್ಲಿ ತೆರೆದಿದೆಯೇ, ರಿಸರ್ವಿಗೆ ತಿರುಗಿಸಬೇಕೇ ಎಂದು ನೋಡಿಕೊಂಡ ಮೇಲೆ ಪ್ಲಗ್ ಬಿಚ್ಚಿರಿ. ಅದರ ತುದಿ ಮೂರು ಬಗೆಯ ಸುದ್ದಿ ಹೇಳುತ್ತದೆ.

1. ಎರಡು ತುದಿಗಳ ನಡುವೆ ಮಸಿಯ ಸಣ್ಣ ಹರಳು ಸೇತುವೆಯಂತೆ ಕೂತಿದ್ದರೆ ಕಿಡಿ ಹಾರದು. ಎರಡು ಸ್ಟ್ರೋಕಿನ ಗಾಡಿಗಳಲ್ಲಿ ಇದು ಸಾಮಾನ್ಯ. ಕೆರೆದು ತೆಗೆದು ಮತ್ತೆ ಹಾಕಿದರೆ ಸಾಕು.

2. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನ ಮುಚ್ಚಳ ಸಡಿಲಿಸಿ, ಒಂದೆರಡು ನಿಮಿಷ ಬಿಟ್ಟು ಒದ್ದು ನೋಡಿರಿ. ಹೊರಟರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ. ಮಳೆಗೆಂದು ಟ್ಯಾಂಕಿನ ಮೇಲೆ ಪ್ಲಾಸ್ಟಿಕ್ ಬಿಗಿದು ಕಟ್ಟಿದಾಗಲೂ ಹೀಗಾಗುತ್ತದೆ. ಹೊರಡದಿದ್ದರೆ ನಲ್ಲಿಯ ಜಾಲರಿ, ಕೊಳವೆ, ಕೊನೆಗೆ ಕಾರ್ಬೊರೇಟರಿನ ಜೆಟ್, ಈ ಕ್ರಮದಲ್ಲಿ ಶುಚಿಗೊಳಿಸಿರಿ. ಜೆಟ್ಟಿಗೆ ತಂತಿ ಚುಚ್ಚಬಾರದು, ರಂಧ್ರ ದೊಡ್ಡದಾಗುತ್ತದೆ, ಗಾಳಿ ಊದಿರಿ.

3. ತುದಿ ಪೆಟ್ರೋಲಿನಲ್ಲಿ ತೊಯ್ದಿದ್ದರೆ ನಲ್ಲಿ ಮುಚ್ಚಿ, ಬೀಗದ ಕೈ ತೆಗೆದು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ, ಪ್ಲಗ್ ಇಲ್ಲದೆ ಹತ್ತು ಸಲ ಒದೆಯಿರಿ. ಪ್ಲಗ್ ಒರಸಿ ಒಣಗಿಸಿ ಹಾಕಿರಿ.

ಆದರೂ ಹೊರಡದಿದ್ದರೆ ಕಿಡಿಯ ಪರೀಕ್ಷೆ. ಚೆಲ್ಲಿದ ಪೆಟ್ರೋಲನ್ನು ಒರಸಿ, ಆವಿ ಹೋಗುವಷ್ಟು ಹೊತ್ತು ಕಾಯಬೇಕು. ವೈರಿಗೆ ಸಿಕ್ಕಿಸಿದ ಪ್ಲಗ್ಗನ್ನು ಅದರ ತೂತಿನಿಂದ ದೂರದಲ್ಲಿ, ಎಂಜಿನ್ನಿನ ಬರಿಯ ಲೋಹಕ್ಕೆ ತಾಗಿಸಿ ಹಿಡಿದು, ಬೀಗ ತಿರುಗಿಸಿ ಒದೆಯಬೇಕು. ನೀಲಿ ಕಿಡಿ ಒಳ್ಳೆಯದು; ಮಂಕಾದ ಕೆಂಪು ಕಿಡಿ ದುರ್ಬಲ. ಬ್ಯಾಟರಿಯಿಂದ ಕಿಡಿ ಪಡೆಯುವ ಹಳೆಯ ಮಾದರಿಗಳಲ್ಲಿ ಬ್ಯಾಟರಿ ಇಳಿದಿದ್ದರೆ ಕಿಡಿಯೇ ಬಾರದೆಂಬುದನ್ನೂ ಮರೆಯಬಾರದು.

ಬಿಸಿಯಾದಾಗ ನಿಂತು, ಆರಿದರೆ ಹೊರಡುವ ಗಾಡಿ

ಇದು ಎಲ್ಲಕ್ಕಿಂತ ಮೋಸದ ಕಾಯಿಲೆ. ಮೆಕ್ಯಾನಿಕ್ ಬರುವಷ್ಟರಲ್ಲಿ ಎಂಜಿನ್ ಆರಿ, ಒಂದೇ ಒದೆತಕ್ಕೆ ಹೊರಡುತ್ತದೆ. ದೋಷ ಸಿಕ್ಕುವುದಿಲ್ಲ, ಖರ್ಚು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ನಿಂತ ಕೂಡಲೇ, ಬಿಸಿಯಿದ್ದಾಗಲೇ, ಕೈಗೆ ಬಟ್ಟೆ ಸುತ್ತಿಕೊಂಡು ಕಿಡಿ ನೋಡಬೇಕು. ಬಿಸಿಯಲ್ಲಿ ಕಿಡಿಯಿಲ್ಲದೆ ಆರಿದಾಗ ಬಂದರೆ ಕಂಡೆನ್ಸರ್ ಅಥವಾ ಕಾಯಿಲ್ ಮೇಲೆ ಅನುಮಾನ ಪಡಬೇಕು. ಪಾಯಿಂಟುಗಳ ನಡುವೆಯೇ ಜೋರು ಕಿಡಿ ಹಾರಿ ಅವು ಸುಟ್ಟಿದ್ದರೆ ಕಂಡೆನ್ಸರ್ ಹೋಗಿರುವ ಸಂಭವ ಹೆಚ್ಚು. ಅದು ಕಡಿಮೆ ಬೆಲೆಯ ವಸ್ತು. ಅದನ್ನು ಬದಲಿಸಿ ನೋಡದೆ ಎಂಜಿನ್ ಬಿಚ್ಚಿಸಲು ಒಪ್ಪಬೇಡಿರಿ. ಕಿಡಿಯೂ ಪೆಟ್ರೋಲೂ ಸರಿಯಿದ್ದು ಹೊರಡದಿದ್ದರೆ ಮಾತ್ರ ಕ್ರ್ಯಾಂಕಿನ ಆಯಿಲ್ ಸೀಲು, ಪಿಸ್ಟನ್ ರಿಂಗುಗಳ ಸರದಿ.

ಊರು ಬೇರೆ, ಕಾಯಿಲೆ ಬೇರೆ

ಗಾಡಿ ಒಂದೇ ಆದರೂ ನೆಲಕ್ಕೆ ತಕ್ಕಂತೆ ತೊಂದರೆ ಬದಲಾಗುತ್ತದೆ. ಸೇಡಂ ತಾಲ್ಲೂಕಿನಲ್ಲಿ ಆಡಕಿ ಎಂಬ ಊರಿದೆ. ಹೆಸರು ನಮಗೆ ಅಡಕೆಯ ನೆನಪು ತಂದರೂ ಅದು ತೊಗರಿಯ ಸೀಮೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆ ಸುಣ್ಣಕಲ್ಲಿನ ಗಣಿಗಳು, ಸಿಮೆಂಟ್ ಕಾರ್ಖಾನೆಗಳು, ಸುಡುವ ಬೇಸಿಗೆ. ಅಂಥಲ್ಲಿ ಮೊದಲು ನೋಡಬೇಕಾದ್ದು ಧೂಳು ಕಟ್ಟಿದ ಏರ್ ಫಿಲ್ಟರ್ ಮತ್ತು ಕಾದು ಕೈಕೊಡುವ ಕಾಯಿಲ್. ನಮ್ಮ ಮಲೆನಾಡಿನಲ್ಲಿ ಶತ್ರು ನೀರು: ಪ್ಲಗ್ ಕ್ಯಾಪಿನೊಳಗೆ, ಪಾಯಿಂಟಿನ ಮುಚ್ಚಳದೊಳಗೆ, ಟ್ಯಾಂಕಿನೊಳಗೆ.

ಟ್ಯಾಂಕಿನ ನೀರಿಗೆ ಈಗ ಇನ್ನೊಂದು ಕಾರಣ ಸೇರಿದೆ. 2023ರಿಂದ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬರತೊಡಗಿತು. ಎಥನಾಲ್ ತೇವ ಹೀರುತ್ತದೆ. ನೀರು ಹೆಚ್ಚಾದಾಗ ಅದರೊಡನೆ ಬೇರೆಯಾಗಿ ತಳಕ್ಕಿಳಿಯುತ್ತದೆ. ಹಳೆಯ ಗಾಡಿಯ ರಬ್ಬರ್ ಕೊಳವೆ, ವಾಷರುಗಳನ್ನೂ ಅದು ಕೆಡಿಸಬಲ್ಲದು. ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ನಿಲ್ಲಿಸುವವರು ಕಾರ್ಬೊರೇಟರ್ ಬರಿದುಮಾಡಿ ನಿಲ್ಲಿಸುವುದು, ಹೊರಡಿಸುವ ಮೊದಲು ಸ್ವಲ್ಪ ಪೆಟ್ರೋಲನ್ನು ಗಾಜಿನ ಶೀಸೆಗೆ ಇಳಿಸಿ ತಳದಲ್ಲಿ ನೀರಿನ ಪದರವಿದೆಯೇ ಎಂದು ನೋಡುವುದು ಒಳ್ಳೆಯದು.

ಘಟ್ಟ ಇಳಿಯುವವರಿಗೆ ಒಂದು ಮಾತು

ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಬಹುದೂರ ಇಳಿದರೆ ಪೆಟ್ರೋಲಿನೊಡನೆ ಎಣ್ಣೆಯೂ ನಿಲ್ಲುತ್ತದೆ. ಪಿಸ್ಟನ್ ಕಚ್ಚುವುದು ಹೀಗೆಯೇ. ಆಗಾಗ ಒಂದಿಷ್ಟು ತೆರೆದು ಎಣ್ಣೆ ಕುಡಿಸಬೇಕು. ಹೊಗೆ ಹೆಚ್ಚೆಂದು ಎಣ್ಣೆ ಕಡಿಮೆ ಹಾಕುವ ಉಳಿತಾಯವೂ ಬೇಡ. ಅಳತೆಪಾತ್ರೆಯಲ್ಲಿ ಅಳೆದೇ ಬೆರೆಸಿರಿ.

ಒಂದು ಹೊಸ ಪ್ಲಗ್, ಪ್ಲಗ್ ಪಾನ, ಉಪ್ಪುಕಾಗದ, ಒಂದು ಕಂಡೆನ್ಸರ್, ಗೇಣುದ್ದ ಪೆಟ್ರೋಲ್ ಕೊಳವೆ, ಒಣಬಟ್ಟೆ, ಇಷ್ಟು ಗಾಡಿಯ ಪೆಟ್ಟಿಗೆಯಲ್ಲಿ ಸದಾ ಇರಲಿ. ಗಾಡಿ ಯಾವಾಗ, ಎಷ್ಟು ದೂರ ಓಡಿದ ಮೇಲೆ, ಹೇಗೆ ನಿಂತಿತೆಂದು ತೋಟದ ದಿನಚರಿ ಪುಸ್ತಕದಲ್ಲೇ ಒಂದು ಸಾಲು ಬರೆದಿಡಿರಿ. ಮೆಕ್ಯಾನಿಕ್‌ಗೆ ಆ ಒಂದು ಸಾಲು ಅರ್ಧ ದಿನದ ಹುಡುಕಾಟ ಉಳಿಸುತ್ತದೆ, ನಮಗೆ ಅರ್ಧ ದಿನದ ಕೂಲಿ.