ಕೈಯಾರೆ ಕಟ್ಟಿದ ಗಿಟಾರು ಮತ್ತು ವಾಲ್ವು ವರ್ಧಕ

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬೇಸಾಯಕ್ಕೆ ಸಲ್ಲುವ ಈ ಮಾತು ವಿಜ್ಞಾನದ ಕಲಿಕೆಗೂ ಸಲ್ಲುವುದು. ಅಯಸ್ಕಾಂತ, ತಂತಿಯ ಸುರುಳಿ, ಶಬ್ದತರಂಗ ಮೊದಲಾದವುಗಳನ್ನು ನಾವು ಪಠ್ಯಪುಸ್ತಕದಲ್ಲಿ ಓದುತ್ತೇವೆ. ಪರೀಕ್ಷೆ ಮುಗಿದೊಡನೆ ಮರೆಯುತ್ತೇವೆ. ಆದರೆ ಅವುಗಳಿಂದಲೇ ಒಂದು ವಾದ್ಯವನ್ನು ಕಟ್ಟಿ ನುಡಿಸಿದವನು ಅವುಗಳನ್ನು ಎಂದಿಗೂ ಮರೆಯಲಾರನು. ವಿದ್ಯುತ್ ಗಿಟಾರನ್ನೂ ಅದರ ನಾದವನ್ನು ಹಿಗ್ಗಿಸುವ ವಾಲ್ವು ವರ್ಧಕವನ್ನೂ ಮನೆಯಲ್ಲಿಯೇ ತಯಾರಿಸುವುದು ಅಂಥದೊಂದು ಹವ್ಯಾಸ. ಅದರಲ್ಲಿ ಸೊಗಸೂ ಉಂಟು, ಪ್ರಾಣಾಪಾಯವೂ ಉಂಟು. ಎರಡನ್ನೂ ಇಲ್ಲಿ ವಿಚಾರ ಮಾಡೋಣ.

ಲಂಡನ್ನಿನ ಹೊರವಲಯದಲ್ಲಿ ೧೯೬೩ರಲ್ಲಿ ಬ್ರಯಾನ್ ಮೇ ಎಂಬ ಹದಿನಾರು ವರ್ಷದ ಶಾಲಾ ಬಾಲಕನಿದ್ದನು. ಒಳ್ಳೆಯ ವಿದ್ಯುತ್ ಗಿಟಾರನ್ನು ಕೊಳ್ಳುವಷ್ಟು ಹಣ ಆ ಮನೆಯಲ್ಲಿರಲಿಲ್ಲ. ಆದರೆ ತಂದೆ ಹೆರಾಲ್ಡ್ ಮೇ ಎಲೆಕ್ಟ್ರಾನಿಕ್ಸ್ ಬಲ್ಲ ಇಂಜಿನಿಯರು. ತಂದೆಯೂ ಮಗನೂ ಸೇರಿ ತಾವೇ ಒಂದು ಗಿಟಾರನ್ನು ಕಟ್ಟಲು ನಿಶ್ಚಯಿಸಿದರು. ಹಳೆಯ ಅಗ್ಗಿಷ್ಟಿಕೆಯ ಮೇಲಿದ್ದ ಮಹಾಗನಿ ಹಲಗೆ ಅದರ ಕತ್ತಾಯಿತು. ಅದರಲ್ಲಿ ಹುಳು ಕೊರೆದಿದ್ದ ತೂತುಗಳನ್ನು ಬೆಂಕಿಕಡ್ಡಿಗಳಿಂದ ಮುಚ್ಚಿದರು. ಒಡಲಿಗೆ ಹಳೆಯ ಮೇಜಿನ ಓಕ್ ಮರ ಒದಗಿತು. ತಂತಿಗಳ ಬಿಗಿತವನ್ನು ಸರಿದೂಗಿಸಲು ಹಳೆಯ ಮೋಟಾರು ಸೈಕಲ್ಲಿನ ಸ್ಪ್ರಿಂಗುಗಳು ನೆರವಾದವು. ಸ್ವರಸ್ಥಾನದ ಗುರುತುಗಳಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಚಿಪ್ಪಿನ ಗುಂಡಿಗಳು ಸಾಕಾದವು. ಕೆಲಸ ಮುಗಿಯಲು ಸುಮಾರು ಎರಡು ವರ್ಷ ಹಿಡಿಯಿತು. ಮುಂದೆ ಈ ಬಾಲಕನು ‘ಕ್ವೀನ್’ ಎಂಬ ಜಗತ್ಪ್ರಸಿದ್ಧ ವಾದ್ಯವೃಂದದ ಗಿಟಾರು ವಾದಕನಾಗಿ, ಅದೇ ಗಿಟಾರನ್ನು ದಶಕಗಟ್ಟಲೆ ನುಡಿಸಿದನು. ೨೦೦೭ರಲ್ಲಿ ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದನು.

ಇಂಥ ವಾದ್ಯವನ್ನು ಕಟ್ಟುವಾಗ ಮೊದಲು ಎದುರಾಗುವುದು ಗಣಿತ. ಆ ಗಿಟಾರಿಗೆ ೨೪ ಮೆಟ್ಟಿಲುಗಳು. ನಮ್ಮ ಸರಸ್ವತೀ ವೀಣೆಗೂ ೨೪ ಮೆಟ್ಟಿಲುಗಳೇ. ವೀಣೆ ಕಟ್ಟುವವರು ಅವುಗಳನ್ನು ಮೇಣದಲ್ಲಿ ಕೂರಿಸಿ ಕಿವಿಯಿಂದ ಸರಿನೋಡುತ್ತಾರೆ. ಗಿಟಾರಿನಲ್ಲಿ ಲೋಹದ ಪಟ್ಟಿಗಳನ್ನು ಮರಕ್ಕೆ ಬಡಿದು ಕೂರಿಸುವುದರಿಂದ ಮೊದಲೇ ಲೆಕ್ಕ ಹಾಕಬೇಕು. ಷಡ್ಜದಿಂದ ತಾರಷಡ್ಜದವರೆಗೆ ಹನ್ನೆರಡು ಸಮಪ್ರಮಾಣದ ಹೆಜ್ಜೆಗಳಿರುವಂತೆ ಮಾಡಲು, ಪ್ರತಿ ಸಲವೂ ಉಳಿದ ಉದ್ದವನ್ನು ೧೭.೮೧೭ರಿಂದ ಭಾಗಿಸಬೇಕು. ತಂತಿಯ ಉದ್ದ ೬೧೦ ಮಿಲಿಮೀಟರು ಎಂದಿಟ್ಟುಕೊಳ್ಳೋಣ. ಮೊದಲನೆಯ ಮೆಟ್ಟಿಲು ತಲೆಯ ಕಡೆಯಿಂದ ೩೪.೨ ಮಿಲಿಮೀಟರು ದೂರದಲ್ಲಿ ಬರುವುದು. ಉಳಿದ ೫೭೫.೮ನ್ನು ಮತ್ತೆ ಭಾಗಿಸಿದರೆ ೩೨.೩, ಇದು ಎರಡನೆಯ ಮೆಟ್ಟಿಲಿನ ಅಂತರ. ಹೀಗೆಯೇ ಮುಂದುವರಿದರೆ ಹನ್ನೆರಡನೆಯದು ಸರಿಯಾಗಿ ೩೦೫ರಲ್ಲಿ, ಅಂದರೆ ತಂತಿಯ ನಡುಮಧ್ಯದಲ್ಲಿ ಬೀಳುವುದು. ಲೆಕ್ಕ ಸರಿಯೆಂಬುದಕ್ಕೆ ಇದೇ ತಾಳೆ. ಆದರೆ ಮರದ ಮೇಲೆ ಗುರುತು ಹಾಕುವಾಗ ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಅಳೆಯಬಾರದು. ಸಣ್ಣ ತಪ್ಪುಗಳು ಕೂಡುತ್ತಾ ಹೋಗುವುವು. ಎಲ್ಲವನ್ನೂ ತಲೆಯ ತುದಿಯಿಂದಲೇ ಅಳೆಯಬೇಕು.

ಎರಡನೆಯದು ಅಯಸ್ಕಾಂತದ ಪಾಠ. ಬದಲಾಗುವ ಕಾಂತಕ್ಷೇತ್ರವು ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುವುದೆಂದು ಮೈಕೇಲ್ ಫ್ಯಾರಡೆ ೧೮೩೧ರಲ್ಲಿ ತೋರಿಸಿಕೊಟ್ಟನು. ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಒಂದು ಅಯಸ್ಕಾಂತವೂ, ಅದರ ಸುತ್ತಲೂ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಉಕ್ಕಿನ ತಂತಿ ಮಿಡಿದಂತೆಲ್ಲ ಸುರುಳಿಯಲ್ಲಿ ವಿದ್ಯುತ್ತು ಮಿಡಿಯುವುದು. ಬ್ರಯಾನನು ಮೊದಲು ಈ ಸುರುಳಿಗಳನ್ನೂ ತಾನೇ ಮಾಡಿದ್ದನು. ಆದರೆ ಬೆರಳಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದಾಗ ಅವು ಹಿತವಾಗಿ ನುಡಿಯಲಿಲ್ಲ. ಹಟ ಹಿಡಿಯದೆ ಅವನು ಅಂಗಡಿಯಿಂದ ಮೂರನ್ನು ಕೊಂಡು ತಂದನು. ಯಾವುದನ್ನು ಮಾಡಬೇಕು, ಯಾವುದನ್ನು ಕೊಳ್ಳಬೇಕು ಎಂಬ ವಿವೇಕವೂ ಕೈಗೆಲಸದ ಒಂದು ಅಂಗವೇ.

ಸುರುಳಿಯಿಂದ ಬರುವ ವಿದ್ಯುತ್ತು ಸುಮಾರಾಗಿ ವೋಲ್ಟಿನ ಹತ್ತರಲ್ಲೊಂದು ಭಾಗ ಮಾತ್ರ. ಅದರಿಂದ ಧ್ವನಿವರ್ಧಕ ನುಡಿಯಲಾರದು. ಇಲ್ಲಿಯೇ ವಾಲ್ವಿನ ಅಗತ್ಯ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾಯಿಸಿದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು, ಧನ ವಿದ್ಯುತ್ತುಳ್ಳ ತಗಡಿನ ಕಡೆಗೆ ಧಾವಿಸುತ್ತವೆ. ಇಂಥ ಎರಡಂಗದ ವಾಲ್ವನ್ನು ೧೯೦೪ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ರಚಿಸಿದನು. ೧೯೦೬ರಲ್ಲಿ ಅಮೆರಿಕೆಯ ಲೀ ಡಿ ಫಾರೆಸ್ಟ್ ನಡುವೆ ಗ್ರಿಡ್ ಎಂಬ ಮೂರನೆಯ ಅಂಗವನ್ನು ಸೇರಿಸಿದನು. ಕಾಲುವೆಯ ತೂಬನ್ನು ಒಬ್ಬನೇ ಆಳು ಎತ್ತಿ ಇಳಿಸಬಲ್ಲನು. ಅದರಿಂದ ಹತೋಟಿಗೆ ಬರುವ ನೀರಿನ ಬಲವಾದರೋ ಬಹಳ ದೊಡ್ಡದು. ಹಾಗೆಯೇ ಗ್ರಿಡ್ಡಿನ ಮೇಲಿನ ಅಲ್ಪ ವಿದ್ಯುತ್ತು ತಗಡಿಗೆ ಹರಿಯುವ ದೊಡ್ಡ ಪ್ರವಾಹವನ್ನು ಹಿಗ್ಗಿಸುವುದು, ಕುಗ್ಗಿಸುವುದು.

ಹವ್ಯಾಸಿಗಳು ಇಂದಿಗೂ ಅನುಸರಿಸುವ ಸರಳ ನಕ್ಷೆಯೆಂದರೆ ೧೯೫೦ರ ದಶಕದ ಫೆಂಡರ್ ‘ಚಾಂಪ್’ ಎಂಬ ಸಣ್ಣ ವರ್ಧಕದ್ದು. ಅದರಲ್ಲಿ ಮೂರೇ ವಾಲ್ವುಗಳು: ಮಂದ ವಿದ್ಯುತ್ತನ್ನು ಎರಡು ಹಂತಗಳಲ್ಲಿ ಹಿಗ್ಗಿಸುವ ೧೨ಎಎಕ್ಸ್೭, ಧ್ವನಿವರ್ಧಕವನ್ನು ನಡೆಸುವ ೬ವಿ೬, ಮನೆಯ ವಿದ್ಯುತ್ತನ್ನು ಏಕಮುಖವಾಗಿಸುವ ೫ವೈ೩. ಶಕ್ತಿ ಸುಮಾರು ೫ ವ್ಯಾಟು. ಟ್ರಾನ್ಸಿಸ್ಟರು ೧೯೪೭ರಲ್ಲೇ ಬಂದರೂ ಅನೇಕ ಗಿಟಾರು ವಾದಕರು ವಾಲ್ವನ್ನು ಬಿಡಲಿಲ್ಲ. ಏಕೆಂದರೆ ಮಿತಿಮೀರಿ ದುಡಿಸಿದಾಗ ವಾಲ್ವು ತರಂಗದ ಶಿಖರಗಳನ್ನು ಮೆಲ್ಲಮೆಲ್ಲನೆ ಅದುಮಿ ಹೊಸ ಉಪಸ್ವರಗಳನ್ನು ಹುಟ್ಟಿಸುವುದು. ಆ ತುಂಬು ನಾದ ಅವರ ಕಿವಿಗೆ ಹಿತವಾಯಿತು.

ಇನ್ನು ಅಪಾಯದ ಮಾತು. ಇದನ್ನು ಎರಡು ಸಲ ಓದಬೇಕು. ಇಂಥ ವರ್ಧಕದೊಳಗೆ ೩೦೦ ವೋಲ್ಟಿಗೂ ಮೇಲ್ಪಟ್ಟ ವಿದ್ಯುತ್ತು ಇರುವುದು. ಅದು ಕೊಲ್ಲಬಲ್ಲದು. ಅಷ್ಟೇ ಅಲ್ಲ, ಗೋಡೆಯಿಂದ ಪ್ಲಗ್ಗನ್ನು ಕಿತ್ತ ಮೇಲೆಯೂ ಕೆಪಾಸಿಟರುಗಳು ಆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ‘ಸ್ವಿಚ್ಚು ಆರಿಸಿದ್ದೇವೆ, ಇನ್ನೇನು ಭಯ’ ಎಂದು ಕೈಯಿಡುವುದು ಹಾವು ಮಲಗಿದೆಯೆಂದು ಹುತ್ತಕ್ಕೆ ಕೈ ಹಾಕಿದಂತೆಯೇ ಸರಿ. ಬಲ್ಲವರು ತಕ್ಕ ರೋಧಕದ ಮೂಲಕ ಆ ವಿದ್ಯುತ್ತನ್ನು ಹರಿಯಬಿಟ್ಟು, ಮೀಟರಿನಿಂದ ಅಳೆದು, ಅದು ಇಳಿದಿದೆಯೆಂದು ಖಚಿತವಾದ ಮೇಲೆಯೇ ಮುಟ್ಟುತ್ತಾರೆ. ಆದುದರಿಂದ ಅನುಭವವುಳ್ಳ ಹಿರಿಯರು ಪಕ್ಕದಲ್ಲಿಲ್ಲದೆ ನಾವು ವಾಲ್ವು ವರ್ಧಕದ ಪೆಟ್ಟಿಗೆಯನ್ನು ತೆರೆಯಲೇ ಕೂಡದು.

ಹಾಗಾದರೆ ವಿದ್ಯಾರ್ಥಿಗಳಾದ ನಾವು ಎಲ್ಲಿಂದ ಆರಂಭಿಸಬೇಕು? ಮೊದಲು ಒಂದು ಹಲಗೆ, ಒಂದು ಉಕ್ಕಿನ ತಂತಿ, ಲೆಕ್ಕ ಹಾಕಿ ಗುರುತಿಸಿದ ಮೆಟ್ಟಿಲುಗಳು. ಇಷ್ಟರಿಂದಲೇ ಏಕತಂತಿಯ ವಾದ್ಯವೊಂದನ್ನು ಕಟ್ಟೋಣ. ಬಳಿಕ ಅಯಸ್ಕಾಂತಕ್ಕೆ ಸುರುಳಿ ಸುತ್ತೋಣ. ಆಮೇಲೆ ೯ ವೋಲ್ಟಿನ ಬ್ಯಾಟರಿಯಿಂದ ನಡೆಯುವ, ಎಲ್‌ಎಂ೩೮೬ ಎಂಬ ಎಂಟು ಕಾಲಿನ ಚಿಪ್ಪಿನ ಪುಟ್ಟ ವರ್ಧಕವನ್ನು ಬೆಸುಗೆ ಹಾಕೋಣ. ಇದರ ಬಿಡಿಭಾಗಗಳು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಂಥ ಪೇಟೆಗಳಲ್ಲಿ ದೊರೆಯುತ್ತವೆ. ವಾಲ್ವಿನ ಕೆಲಸ ಕೊನೆಯ ಮೆಟ್ಟಿಲು. ಅದನ್ನು ಗುರುಗಳ ಕಣ್ಣೆದುರಿನಲ್ಲಿ ಏರೋಣ.

ಬ್ರಯಾನನಿಗೆ ಪಕ್ಕದಲ್ಲಿ ತಂದೆಯಿದ್ದರು, ಎರಡು ವರ್ಷಗಳ ತಾಳ್ಮೆಯಿತ್ತು. ಮರ ಹಳೆಯದಾಗಿತ್ತು, ಗುಂಡಿಗಳು ಹೊಲಿಗೆ ಪೆಟ್ಟಿಗೆಯವಾಗಿದ್ದವು. ಅಳತೆ ಮಾತ್ರ ತಪ್ಪಿರಲಿಲ್ಲ. ಹಣದ ಕೊರತೆಯನ್ನು ಅಂಥ ಅಳತೆಯೂ ತಾಳ್ಮೆಯೂ ಬಹುಮಟ್ಟಿಗೆ ತುಂಬಿಕೊಡಬಲ್ಲವು.