ದಾನಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಖನಿಜ ಮಿಶ್ರಣ, ಕರುವಿಗೆ ಗಿಣ್ಣುಹಾಲು ಕುಡಿಸುವುದು ಇಂಥ ವಿಷಯ ಬರೆಯುತ್ತೇನೆ. ಈ ಸಲದ ಮಾತು ಹಸುವಿನಿಂದ ಶುರುವಾಗಿ ಕಾನೂನಿಗೆ ಹೋಯಿತು. ನಾನು ಓದಿದ್ದು ಪಶುವೈದ್ಯ, ಕಾನೂನಲ್ಲ. ಆದರೂ ಕೊಟ್ಟಿಗೆಯಲ್ಲಿ ನಮ್ಮ ಮುಂದೆ ಬರುವ ಕಷ್ಟಗಳೆಲ್ಲ ಹಸುವಿನದ್ದೇ ಆಗಿರುವುದಿಲ್ಲವಲ್ಲ.

ಹುಲ್ಲಹಳ್ಳಿ ಹೋಬಳಿಯ ಒಂದು ಊರಿಗೆ ಮೇವು ಬಿಟ್ಟ ಹಸು ನೋಡಲು ಹೋಗಿದ್ದೆ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಹಸು ಹಿಡಿದು ನಿಂತಿದ್ದರು. ಚುಚ್ಚುಮದ್ದು ಕೊಟ್ಟು ಕೈ ತೊಳೆಯುತ್ತಿದ್ದಾಗ ಮೆಲ್ಲಗೆ ಕೇಳಿದರು: "ಡಾಕ್ಟ್ರೇ, ಈ ಹಸ ಯಾರ ಹೆಸ್ರಲ್ಲದ ಅಂತ ವಸಿ ನೋಡಿ." ಕಿವಿಯೋಲೆಯ ಹನ್ನೆರಡು ಅಂಕಿ ಮೊಬೈಲಿನಲ್ಲಿ ಹಾಕಿ ನೋಡಿದೆ. ಅಜ್ಜಿಯ ಹೆಸರೇ ಇತ್ತು. ಚಿಕ್ಕ ಮಗ ಹಸು ಮಾರಲು ದಲ್ಲಾಳಿಯನ್ನು ಕರೆತರುತ್ತಿದ್ದಾನಂತೆ. ಎರಡು ವರ್ಷದ ಹಿಂದೆ ಒಂದು ಎಕರೆ ಹತ್ತು ಗುಂಟೆ ಜಮೀನನ್ನೂ ಮನೆಯನ್ನೂ ಅವನ ಹೆಸರಿಗೇ ದಾನಪತ್ರ ಮಾಡಿಕೊಟ್ಟಿದ್ದರು. ಈಗ ಒಲೆ ಬೇರೆ, ಮಲಗುವುದು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. "ಜಮೀನ್ ವಾಪಸ್ ಬಂದದಾ?" ಎಂದು ಕೇಳಿದರು. ದಾನಪತ್ರದ ನಕಲು ತೋರಿಸಿದರು. ಅದರಲ್ಲಿ "ಪ್ರೀತಿ ವಿಶ್ವಾಸದಿಂದ" ಕೊಟ್ಟಿದ್ದೇನೆ ಎಂದಿತ್ತು. ಅಜ್ಜಿಯನ್ನು ನೋಡಿಕೊಳ್ಳಬೇಕು ಎಂಬ ಒಂದು ಸಾಲೂ ಇರಲಿಲ್ಲ.

ಅದೇ ಒಂದು ಸಾಲಿನ ಬಗ್ಗೆ ಈ ಲೇಖನ.

ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಎಂದು 2007ರಲ್ಲಿ ಒಂದು ಕಾನೂನು ಬಂದಿದೆ. ಅದರ 23ನೇ ಕಲಂ ಹೇಳುವುದು ಹೀಗೆ: ಅರವತ್ತು ತುಂಬಿದವರು, ತಮ್ಮ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿಯನ್ನು ದಾನವಾಗಿಯೋ ಬೇರೆ ರೀತಿಯಲ್ಲೋ ಬರೆದುಕೊಟ್ಟಿದ್ದು, ಪಡೆದವರು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆ ಮೋಸದಿಂದ ಆದದ್ದೆಂದು ಭಾವಿಸಿ ರದ್ದು ಮಾಡಬಹುದು. ಇಲ್ಲಿ ಗಟ್ಟಿಯಾದ ಮಾತು "ಷರತ್ತಿನ ಮೇಲೆ" ಎಂಬುದು. ಬರೀ ಪ್ರೀತಿಯಿಂದ ಕೊಟ್ಟಿದ್ದು, ಷರತ್ತು ಇತ್ತೆಂದು ತೋರಿಸಲಾಗದಿದ್ದರೆ ಈ ಕಲಮಿನಲ್ಲಿ ರದ್ದಾಗುವುದಿಲ್ಲ ಎಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಮಧ್ಯಪ್ರದೇಶದ ಒಬ್ಬ ತಾಯಿಯ ದಾನಪತ್ರವನ್ನು ರದ್ದು ಮಾಡಿತು. ಆಕೆಯ ಬಳಿ, ಕೊನೆಯವರೆಗೂ ನೋಡಿಕೊಳ್ಳುತ್ತೇನೆ ಎಂದು ಮಗ ಬರೆದುಕೊಟ್ಟ ಬೇರೊಂದು ಕಾಗದವಿತ್ತು. ಆಕೆಯ ಕೈ ಹಿಡಿದದ್ದು ಆ ಕಾಗದ.

ನಮ್ಮ ಕಡೆ ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ಕಡಿಮೆ. ಅದಕ್ಕೇ ಎಲ್ಲರೂ ಅದನ್ನೇ ಮಾಡಿಸುತ್ತಾರೆ. ಮಕ್ಕಳು ಬೆಳಿಗ್ಗೆ ಕಾರು ತಂದು ನಂಜನಗೂಡಿಗೋ ತಿ. ನರಸೀಪುರಕ್ಕೋ ನೋಂದಣಿ ಕಚೇರಿಗೆ ಕರೆದೊಯ್ಯುತ್ತಾರೆ. ಪತ್ರ ಬರಹಗಾರರು ಹಳೇ ನಮೂನೆಯಲ್ಲೇ ಬರೆದಿರುತ್ತಾರೆ. ನೀವು ಹೆಬ್ಬೆಟ್ಟು ಒತ್ತಿ, ಹೋಟೆಲಿನಲ್ಲಿ ದೋಸೆ ತಿಂದು ಮನೆಗೆ ಬರುತ್ತೀರಿ. ಅವತ್ತು ಯಾರ ಮನಸ್ಸಿನಲ್ಲೂ ಕೆಟ್ಟದ್ದಿರುವುದಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ಒತ್ತುವ ಮೊದಲು ಪತ್ರವನ್ನು ಪೂರ್ತಿ ಓದಿಸಿಕೊಳ್ಳಿ. ಇಂಥ ಸಾಲು ಇಲ್ಲದಿದ್ದರೆ ಸೇರಿಸಲು ಹೇಳಿ: "ನನ್ನ ಜೀವಮಾನ ಪೂರ್ತಿ ನನ್ನ ಊಟ, ಬಟ್ಟೆ, ವಾಸ, ಔಷಧೋಪಚಾರ ಮತ್ತು ಇತರ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಈ ಸ್ವತ್ತನ್ನು ಕೊಟ್ಟಿರುತ್ತೇನೆ. ತಪ್ಪಿದಲ್ಲಿ ಈ ದಾನ ರದ್ದಾಗತಕ್ಕದ್ದು." ಕೇಳಲು ಸಂಕೋಚ ಬೇಡ. ಬೆಳೆಸಾಲಕ್ಕೆ ಬ್ಯಾಂಕಿನವರು ಎಷ್ಟು ಷರತ್ತು ಹಾಕುತ್ತಾರೆ, ನಾವು ಬೇಜಾರು ಮಾಡಿಕೊಳ್ಳುತ್ತೇವೆಯೇ?

ದಾನಪತ್ರವೇ ಬೇಡ ಎನ್ನುವವರಿಗೆ ಉಯಿಲು ಇದೆ. ನೀವು ಇರುವವರೆಗೂ ಆಸ್ತಿ ನಿಮ್ಮದೇ, ಮನಸ್ಸು ಬದಲಾದರೆ ಬದಲಿಸಿ ಬರೆಯಬಹುದು. ಇಬ್ಬರು ಸಾಕ್ಷಿಗಳು ಬೇಕು. ನನ್ನನ್ನು ಕೇಳಿದರೆ ಇದೇ ವಾಸಿ.

ಈಗಾಗಲೇ ಷರತ್ತಿಲ್ಲದೆ ಬರೆದುಕೊಟ್ಟವರ ಗತಿ ಏನು? ಜಮೀನು ಕೈತಪ್ಪಿದರೂ ಜೀವನಾಂಶದ ಹಕ್ಕು ಹೋಗುವುದಿಲ್ಲ. ಸ್ವಂತ ದುಡಿಮೆ, ಆಸ್ತಿಯಿಂದ ಬದುಕು ಸಾಗಿಸಲಾಗದ ತಂದೆತಾಯಿ, ಅರವತ್ತು ತುಂಬದಿದ್ದರೂ, ಬೆಳೆದ ಮಕ್ಕಳ ಮೇಲೆ, ಮೊಮ್ಮಕ್ಕಳ ಮೇಲೆ ಅರ್ಜಿ ಹಾಕಬಹುದು. ಮಗಳೂ ಈ ಲೆಕ್ಕದಲ್ಲಿ ಬರುತ್ತಾಳೆ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಆದೇಶ ಮಾಡಲು ಅವಕಾಶವಿದೆ. ಮಕ್ಕಳಿಲ್ಲದ ಹಿರಿಯರು, ತಮ್ಮ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಅದು ಸೇರಬೇಕಾದ ಸಂಬಂಧಿಕರಿಂದ ಕೇಳಬಹುದು. ಅರ್ಜಿ ಕೇಳುವ ನ್ಯಾಯಮಂಡಳಿಯ ಮುಖ್ಯಸ್ಥರು ಉಪವಿಭಾಗಾಧಿಕಾರಿಗಳು, ಜನ ಎ.ಸಿ. ಸಾಹೇಬರು ಎನ್ನುತ್ತಾರಲ್ಲ, ಅವರು. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿಗೆ ಮೈಸೂರು ಉಪವಿಭಾಗ. ಓಡಾಡಲು ಆಗದಿದ್ದರೆ ನಿಮ್ಮ ಪರವಾಗಿ ಇನ್ನೊಬ್ಬರನ್ನು ನೇಮಿಸಿ ಅರ್ಜಿ ಕೊಡಿಸಬಹುದು. ಮೊದಲು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲೂ ಕಾನೂನಿನಲ್ಲೇ ದಾರಿ ಇದೆ. "ಮಗನ ಮೇಲೆ ಕೇಸಾ, ಊರೋರು ಏನಂದಾರು" ಎಂದು ಹಿಂಜರಿಯುವವರಿಗೆ ಈ ಮಾತು ಗೊತ್ತಿರಲಿ.

ಸಹಾಯವಾಣಿ 14567 ಹಿರಿಯರಿಗಾಗಿಯೇ ಇದೆ. ಉಚಿತ ವಕೀಲರು ಬೇಕಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೂ ಅಂಗವಿಕಲರಿಗೂ ಇದಕ್ಕೆ ಆದಾಯದ ಮಿತಿ ಇಲ್ಲ.

ಇದನ್ನು ಓದುತ್ತಿರುವವರಲ್ಲಿ ಅತ್ತೆಯರಿಗಿಂತ ಸೊಸೆಯರೇ ಹೆಚ್ಚಿರಬಹುದು. ಎಲ್ಲ ತಪ್ಪನ್ನೂ ಸೊಸೆಯ ತಲೆಗೆ ಕಟ್ಟುವುದು ನಮ್ಮ ಊರುಗಳ ಹಳೇ ಚಾಳಿ. ಕಾನೂನು ಹಾಗೆ ಹೇಳುವುದಿಲ್ಲ. ಹೊಣೆ ಮಗ, ಮಗಳು, ಮೊಮ್ಮಕ್ಕಳದ್ದು. ಈ ಕಾಯ್ದೆಯ ನೆಪದಲ್ಲಿ ಸೊಸೆಯನ್ನು ಸುಮ್ಮನೆ ಮನೆಯಿಂದ ಹೊರಹಾಕುವಂತಿಲ್ಲ ಎಂದು 2020ರ ಡಿಸೆಂಬರಿನಲ್ಲಿ, ಬೆಂಗಳೂರಿನ ಒಂದು ಮನೆಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಆಕೆಗಿರುವ ವಾಸದ ಹಕ್ಕು ಇದರಿಂದ ಅಳಿಸಿಹೋಗುವುದಿಲ್ಲ.

ಇನ್ನು ಕೆಲವು ಮನೆಗಳಲ್ಲಿ ಕಷ್ಟ ತಿರುಗಾಮುರುಗಾ. ಬೆಳೆದ ಮಗನಿಗೆ ಬುದ್ಧಿ ಬೆಳೆದಿಲ್ಲ, ತಾಯಿಗೆ ವಯಸ್ಸಾಯಿತು. "ನಾನು ಹೋದ್ಮೇಲೆ ಇವನ ಗತಿ?" ಎಂಬ ಪ್ರಶ್ನೆ ನನಗೇ ಎಷ್ಟೋ ಕೊಟ್ಟಿಗೆಗಳಲ್ಲಿ ಎದುರಾಗಿದೆ. ಮಗುವಿಗೆ 18 ತುಂಬಿದ ಮೇಲೆ ತಾಯಿಯ ಸಹಿ ತಾನಾಗಿ ನಡೆಯುವುದಿಲ್ಲ. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿ ಅದನ್ನು ಮಾಡುತ್ತದೆ. ನೀವು ಗಟ್ಟಿಯಾಗಿರುವಾಗಲೇ ಇದನ್ನು ಮುಗಿಸಿಕೊಳ್ಳಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿಗೂ ಯುಡಿಐಡಿ ಕಾರ್ಡಿಗೂ ದಾರಿ ತೋರಿಸುತ್ತಾರೆ. ಪೋಲಿಯೊದಿಂದ ಕಾಲು ಸೋತವರಿಗೆ ಇಂಥ ಪೋಷಕರು ಬೇಕಿಲ್ಲ. ಅವರ ಸಹಿ ಅವರದೇ, ಅವರ ಪಾಲೂ ಅವರದೇ. "ಅವನಿಗೇಕೆ ಜಮೀನು" ಎಂದು ಪಾಲುಪಟ್ಟಿಯಲ್ಲಿ ಹೆಸರು ಬಿಡುವವರು ಇದನ್ನು ತಿಳಿದಿರಬೇಕು.

ಮತ್ತೆ ಹಸುವಿಗೆ ಬರುತ್ತೇನೆ. ಈ 2007ರ ಕಾಯ್ದೆಯಲ್ಲಿ ಆಸ್ತಿ ಎಂದರೆ ಜಮೀನು, ಮನೆ ಮಾತ್ರ ಅಲ್ಲ, ಚರಾಸ್ತಿಯೂ ಸೇರುತ್ತದೆ. ಅಂದರೆ ನಿಮ್ಮ ಹಸು, ಎಮ್ಮೆಯೂ ಆಸ್ತಿಯೇ. ಕಿವಿಯೋಲೆ ಮಾಲೀಕತ್ವದ ಹಕ್ಕುಪತ್ರವಲ್ಲ, ಆದರೆ ತಕರಾರು ಬಂದಾಗ ಒಂದು ಸಾಕ್ಷಿ. ವಿಮಾ ಪಾಲಿಸಿ, ಸಂಘದ ಪಾಸ್‌ಬುಕ್, ಬಟವಾಡೆ ಬರುವ ಬ್ಯಾಂಕ್ ಖಾತೆ ಇವೂ ಅಷ್ಟೇ. ಸಾಕುವವರು ನೀವು, ಹೆಸರು ಇನ್ನೊಬ್ಬರದು ಎಂದಾದರೆ ಈಗಲೇ ಸರಿಪಡಿಸಿಕೊಳ್ಳಿ. ಸಂಘದಲ್ಲಿ ನಾಮಿನಿ ಯಾರೆಂದು ಕಾರ್ಯದರ್ಶಿಯನ್ನು ಕೇಳಿ ನೋಡಿ. ಎಷ್ಟೋ ಕಡೆ ತೀರಿಹೋದವರ ಹೆಸರು ಇನ್ನೂ ಹಾಗೇ ಇರುತ್ತದೆ.

ಆ ಅಜ್ಜಿ ಇನ್ನೂ ಅರ್ಜಿ ಕೊಟ್ಟಿಲ್ಲ. ಹಬ್ಬ ಕಳೆಯಲಿ, ದೊಡ್ಡ ಮಗಳು ಬರಲಿ ಎನ್ನುತ್ತಿದ್ದಾರೆ. ಹಸು ಮಾತ್ರ ಮಾರಾಟವಾಗಲಿಲ್ಲ. ಹೆಸರು ತಮ್ಮದೇ ಎಂದು ದಲ್ಲಾಳಿಗೆ ಅವರೇ ಹೇಳಿ ಕಳಿಸಿದರಂತೆ. ಹಾಲಿನ ದುಡ್ಡು ಈಗ ಅವರ ಖಾತೆಗೆ ಬೀಳುತ್ತಿದೆ. ಕಾಲುಬಾಯಿ ಜ್ವರದ ಲಸಿಕೆಗೆ ನಿಮ್ಮ ಊರಿಗೆ ಬಂದಾಗ ನೀವೂ ಕೇಳಿ, ನಿಮ್ಮ ಹಸು ಯಾರ ಹೆಸರಿನಲ್ಲಿದೆ ಎಂದು ಅಲ್ಲೇ ನೋಡಿ ಹೇಳುತ್ತೇನೆ.