ಕ್ಲೋವರ್ ಹುಲ್ಲುಗಾವಲು: ನೀರಿನ ಸರದಿ, ಮೇವಿನ ಸರದಿ



ಕಳೆದ ತಿಂಗಳು ಗೊಬ್ಬರದ ಇಂಡೆಂಟು ಬರೆಸಲು ಸಂಘಕ್ಕೆ ಬಂದ ಹಿರಿಯ ಸದಸ್ಯರೊಬ್ಬರು, “ನ್ಯೂಜಿಲೆಂಡಿನಲ್ಲಿ ಹಸುಗಳು ಕ್ಲೋವರ್ ಹುಲ್ಲುಗಾವಲಿನಲ್ಲಿ ಮೇದುಕೊಂಡೇ ಕೊಡಗಟ್ಟಲೆ ಹಾಲು ಕರೆಯುತ್ತವಂತೆ. ಆ ಬೀಜವನ್ನು ನೀವು ಯಾಕೆ ತರಿಸಬಾರದು, ಕಾರ್ಯದರ್ಶಿಗಳೇ?” ಎಂದು ಕೇಳಿದರು.

ಕೇಳಿದ್ದರಲ್ಲಿ ತಪ್ಪಿಲ್ಲ. ಮೇವು ಸಾಲದೆ ನಮ್ಮಲ್ಲಿ ಅನೇಕರ ಕೊಟ್ಟಿಗೆಗಳು ಬರಿದಾಗುತ್ತಿವೆ. ಕೊಟ್ಟಿಗೆ ಬರಿದಾದವರು ಬಯಲುಸೀಮೆಯಿಂದ ಲಾರಿಯಲ್ಲಿ ಗೊಬ್ಬರ ತರಿಸಿ ಅಡಿಕೆ ಮರದ ಬುಡಕ್ಕೆ ಹಾಕುತ್ತಿದ್ದಾರೆ. ಆದರೆ ಬಿಳಿ ಕ್ಲೋವರ್ ತಂಪು ಹವೆಯ ಸಸ್ಯ. ನೀಲಗಿರಿಯ ಎತ್ತರದಲ್ಲಿ ಅದು ಹಬ್ಬಿಕೊಂಡಿದೆಯಾದರೂ ನಮ್ಮ ಬೇಸಿಗೆಯ ಬಿಸಿಲಿಗೆ ಬಾಳುವಂಥದ್ದಲ್ಲ. ಬೀಜ ನಮಗೆ ಒದಗದಿದ್ದರೂ, ನೀರನ್ನೂ ಮೇಯಿಸುವುದನ್ನೂ ಅಲ್ಲಿಯ ರೈತರು ಹೊಂದಿಸಿಕೊಳ್ಳುವ ಕ್ರಮ ನಮಗೆ ಒದಗುತ್ತದೆ. ಅದನ್ನೇ ಈ ಸಂಚಿಕೆಯ ಪಾಠವಾಗಿ ಇಟ್ಟುಕೊಂಡಿದ್ದೇವೆ.

ಗಿಡದ ಸ್ವಭಾವ

ಬಿಳಿ ಕ್ಲೋವರ್ ದ್ವಿದಳ ಜಾತಿಯದು. ಎಲೆ ಪುಲ್ಲಂಪುರಚಿಯ ಹಾಗೆ ಮೂರು ದಳದ್ದು. ಹಬ್ಬುವ ರೀತಿ ನಮ್ಮ ತೋಟದ ಒಂದೆಲಗದ್ದು. ಕಾಂಡ ನೆಲಕ್ಕಂಟಿ ಹರಿದು ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಬೀಜದಿಂದ ಇಳಿದ ತಾಯಿಬೇರು ಒಂದೆರಡು ವರ್ಷಗಳಲ್ಲಿ ಸಾಯುತ್ತದೆ. ಆಮೇಲೆ ಗಿಡದ ಬಾಳೆಲ್ಲ ಗೆಣ್ಣಿನ ಬೇರುಗಳದ್ದು. ಅವು ಬಹುಪಾಲು ಮೇಲ್ಮಣ್ಣಿನಲ್ಲೇ ಇರುತ್ತವೆ.

ಈ ಬೇರುಗಂಟುಗಳಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುತ್ತವೆ. ಒಂದು ಟನ್ ಒಣತೂಕದ ಕ್ಲೋವರ್ ಬೆಳೆದರೆ ಸುಮಾರು 25 ಕಿಲೋ ಸಾರಜನಕ ಸೇರಿತೆಂಬುದು ಒಂದು ಅಂದಾಜು. ಅದು ಒಂದು ಮೂಟೆಗೂ ಹೆಚ್ಚಿನ ಯೂರಿಯಾಕ್ಕೆ ಸಮ. ಸಗಣಿ, ಗಂಜಲ ಮತ್ತು ಕೊಳೆತ ಬೇರುಗಳ ಮೂಲಕ ಅದು ಜೊತೆಯಲ್ಲಿ ಬೆಳೆಯುವ ರೈ ಹುಲ್ಲಿಗೆ ಸಿಗುತ್ತದೆ. ಆದ್ದರಿಂದ ಕ್ಲೋವರ್ ಸೊರಗಿದರೆ ಹುಲ್ಲೂ ಸೊರಗುತ್ತದೆ, ಇಲ್ಲವೇ ರೈತ ಗೊಬ್ಬರದಂಗಡಿಗೆ ನಡೆಯಬೇಕಾಗುತ್ತದೆ.

ನೀರಿನ ಲೆಕ್ಕ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಕ್ಯಾಂಟರ್ಬರಿ ಎಂಬ ವಿಶಾಲ ಬಯಲಿದೆ. ಅಲ್ಲಿ ಅನೇಕ ಕಡೆ ವರ್ಷದ ಮಳೆ 600ರಿಂದ 750 ಮಿ.ಮೀ. ಮಾತ್ರ. ಮಣ್ಣು ತೆಳು, ಅದರಡಿ ಕಲ್ಲುಹರಳು. ಅಲ್ಲಿಯ ಬೇಸಿಗೆ ಡಿಸೆಂಬರಿನಿಂದ ಫೆಬ್ರವರಿವರೆಗೆ. ವಾಯವ್ಯದ ಬಿಸಿಗಾಳಿ ಬೀಸಿತೆಂದರೆ ಮೇಲ್ಮಣ್ಣು ಬೇಗ ಒಣಗುತ್ತದೆ. ಆಶ್‌ಬರ್ಟನ್ ಊರಿನ ಬಳಿಯ ವಿಂಚ್‌ಮೋರ್ ಸಂಶೋಧನಾ ಕೇಂದ್ರದಲ್ಲಿ ದಶಕಗಳ ಕಾಲ ನಡೆದ ಪ್ರಯೋಗಗಳಲ್ಲಿ, ನೀರು ಪಡೆದ ಹುಲ್ಲುಗಾವಲಿನ ಇಳುವರಿ ಮಳೆಯನ್ನೇ ನಂಬಿದ ಹುಲ್ಲುಗಾವಲಿನ ಸುಮಾರು ಎರಡರಷ್ಟಾಯಿತು.

ಎಷ್ಟು ನೀರು ಕೊಟ್ಟೆವು ಎಂಬುದರ ಜೊತೆಗೆ ಎಷ್ಟು ದಿನಕ್ಕೊಮ್ಮೆ ಕೊಟ್ಟೆವು ಎಂಬುದನ್ನೂ ನೋಡಬೇಕು. ಒಂದು ಲೆಕ್ಕ ಮಾಡೋಣ. ಬೇರು ಸುಲಭವಾಗಿ ಹೀರಬಲ್ಲ ನೀರು ಮಣ್ಣಿನಲ್ಲಿ 50 ಮಿ.ಮೀ. ಇದೆ, ಬಿಸಿಲಿಗೆ ದಿನಕ್ಕೆ 5 ಮಿ.ಮೀ. ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಹತ್ತನೆಯ ದಿನಕ್ಕೆ ನೀರು ಬೇಕು. ಇಪ್ಪತ್ತನೆಯ ದಿನ 100 ಮಿ.ಮೀ. ಕೊಡುತ್ತೇವೆಂದರೆ ನಡುವಿನ ಹತ್ತು ದಿನ ಕ್ಲೋವರ್ ಬಾಯಾರಿ ಬೇರುಗಂಟುಗಳ ಕೆಲಸ ಕುಗ್ಗಿರುತ್ತದೆ. ಮೇಲಾಗಿ, ಮಣ್ಣು ಹಿಡಿಯಲಾರದ ಹೆಚ್ಚಿನ ನೀರು ಸಾರಜನಕವನ್ನೂ ತೊಳೆದುಕೊಂಡು ಕೆಳಗಿಳಿಯುತ್ತದೆ. ಕ್ಯಾಂಟರ್ಬರಿಯ ರೈತರು ಮೊದಲು ಸಣ್ಣ ಬದುಗಳ ನಡುವೆ ನೀರು ಹರಿಯಬಿಡುತ್ತಿದ್ದರು. ಈಗ ಬಹುತೇಕ ಕಡೆ ತುಂತುರು ನೀರಾವರಿಗೆ ಬಂದಿರುವುದಕ್ಕೆ ಇದೂ ಒಂದು ಕಾರಣ.

ರೊಬಸ್ಟಾ ಬೆಳೆಯುವ ಸದಸ್ಯರಿಗೆ ಇದು ಹೊಸದಲ್ಲ. ಹೂವಿಗೆ ಕೊಟ್ಟ ನೀರಿಗೆ ಸಕಾಲದಲ್ಲಿ ಬ್ಯಾಕಿಂಗ್ ಸಿಗದಿದ್ದರೆ ಏನಾಗುತ್ತದೆಂದು ನಾವೆಲ್ಲ ಕಂಡವರೇ.

ಮೇಯಿಸುವ ಲೆಕ್ಕ

ಹಸು ತನಗೆ ರುಚಿಯಾದದ್ದನ್ನು ಮೊದಲು ಆರಿಸುತ್ತದೆ. ಕ್ಲೋವರ್ ಅದಕ್ಕೆ ಬಲು ಇಷ್ಟ. ಹಗಲಿಡೀ, ವರ್ಷವಿಡೀ ಒಂದೇ ಜಾಗದಲ್ಲಿ ಬಿಟ್ಟರೆ ನಿನ್ನೆ ಮೇದ ಗಿಡದ ಚಿಗುರನ್ನೇ ನಾಳೆ ಮತ್ತೆ ಕಚ್ಚುತ್ತದೆ. ಒಳ್ಳೆಯ ಸಸ್ಯ ಸಾಯುತ್ತದೆ, ಹಸು ಮುಟ್ಟದ ಕಳೆ ಉಳಿಯುತ್ತದೆ.

ಅದಕ್ಕಾಗಿ ಅಲ್ಲಿ ಹುಲ್ಲುಗಾವಲನ್ನು ತುಂಡು ಮಾಡಿ, ವಿದ್ಯುತ್ ಬೇಲಿ ಹಾಕಿ, ಸರದಿಯ ಮೇಲೆ ಮೇಯಿಸುತ್ತಾರೆ. ನೆಲದಿಂದ ನಾಲ್ಕೈದು ಸೆಂ.ಮೀ. ಉಳಿದಾಗ ದನ ಹೊರಡಿಸುತ್ತಾರೆ. ರೈ ಹುಲ್ಲಿನ ಒಂದೊಂದು ಕವಲಿನಲ್ಲಿ ಮೂರು ಹೊಸ ಎಲೆ ಬರುವ ಹೊತ್ತಿಗೆ ಮತ್ತೆ ಬಿಡುತ್ತಾರೆ. ಬೆಳೆಯುವ ಕಾಲದಲ್ಲಿ ಇದಕ್ಕೆ ಮೂರು ನಾಲ್ಕು ವಾರ ಸಾಕು. ಚಳಿಗಾಲದಲ್ಲಿ ಎರಡು ತಿಂಗಳಿಗೂ ಹೆಚ್ಚು ಬೇಕು.

ಹಾಗೆಂದು ಮೇಯಿಸದೆ ಬೆಳೆಯಬಿಟ್ಟರೂ ಕೇಡೇ. ಹುಲ್ಲು ಎತ್ತರವಾಗಿ ನೆರಳು ಕವಿದರೆ ನೆಲದ ಮೇಲಿನ ಕ್ಲೋವರ್ ಕಾಂಡ ಕವಲೊಡೆಯುವುದಿಲ್ಲ. ವಸಂತದಲ್ಲಿ ಚೆನ್ನಾಗಿ ಮೇಯಿಸಿ ಬುಡಕ್ಕೆ ಬೆಳಕು ಬಿಡಬೇಕು. ಕಡುಬೇಸಿಗೆಯಲ್ಲಿ ಸ್ವಲ್ಪ ಎಲೆ ಉಳಿಸಿ ಕಾಂಡಕ್ಕೆ ನೆರಳು ಕೊಡಬೇಕು. ಯೂರಿಯಾ ಹೆಚ್ಚಾದರೂ ಇದೇ ಕಥೆ: ಹುಲ್ಲು ಸೊಕ್ಕುತ್ತದೆ, ಕ್ಲೋವರ್ ಹಿಂದೆ ಬೀಳುತ್ತದೆ. ನೀರು ಕೆಡುವುದನ್ನು ತಡೆಯಲು ಆ ದೇಶದ ಸರ್ಕಾರ 2021ರಲ್ಲಿ, ಹುಲ್ಲುಗಾವಲಿಗೆ ಹಾಕುವ ಕೃತಕ ಸಾರಜನಕಕ್ಕೆ ವರ್ಷಕ್ಕೆ ಹೆಕ್ಟೇರಿಗೆ 190 ಕಿಲೋ ಎಂಬ ಮಿತಿ ಹಾಕಿತು. ಕ್ಲೋವರಿನ ಬೆಲೆ ಇದರಿಂದ ಇನ್ನಷ್ಟು ಹೆಚ್ಚಿತು.

ಇನ್ನೊಂದು ಎಚ್ಚರಿಕೆ. ಹಸಿದ ಹಸುವನ್ನು ದಟ್ಟ ಕ್ಲೋವರಿಗೆ ಒಮ್ಮೆಲೇ ಬಿಟ್ಟರೆ ಹೊಟ್ಟೆಯುಬ್ಬರ ಬಂದು ಪ್ರಾಣಕ್ಕೇ ಎರವಾಗಬಹುದು. ಮೊದಲು ಒಣಹುಲ್ಲು ತಿನ್ನಿಸಿ ಬಿಡುವುದು ಕ್ಷೇಮ.

ಎರಡೂ ಒಂದೇ ಪಟ್ಟಿ

ನೀರಿಗೊಂದು, ಮೇವಿಗೊಂದು ಬೇರೆ ಬೇರೆ ಪಟ್ಟಿ ಇಟ್ಟರೆ ಕೆಲಸ ಕೆಡುತ್ತದೆ. ನೀರು ಕುಡಿದ ನೆಲದ ಮೇಲೆ ಐನೂರು ಕಿಲೋ ತೂಕದ ಹಸು ನಡೆದರೆ ಕಾಂಡ ಜಜ್ಜಿ ಕೆಸರಿನಲ್ಲಿ ಹೂತುಹೋಗುತ್ತದೆ. ಮಣ್ಣು ಅದುಮಿ ಗಾಳಿ ಆಡದೆ ಬೇರುಗಂಟು ಉಸಿರುಕಟ್ಟುತ್ತದೆ. ಆದ್ದರಿಂದ ಮೊದಲು ಮೇಯಿಸಬೇಕು, ದನ ಹೊರಟ ಮೇಲೆ ನೀರು ಕೊಡಬೇಕು, ಆಮೇಲೆ ದಣಪೆ ಹಾಕಬೇಕು. ಮಧ್ಯೆ ಇನ್ನೊಮ್ಮೆ ನೀರು ಬೇಕಾದರೆ ಕೊಡಬಹುದು, ದನ ಮಾತ್ರ ಬಿಡಬಾರದು. ಈ ಪಾಠದ ಸಾರ ಇಷ್ಟೇ.

ನಮ್ಮ ಹಕ್ಕಲಿಗೆ

ಇದನ್ನು ನಾವು ಓದಿ ಕಲಿತದ್ದು ತಡವಾಗಿ. ಮೊದಲು ಕಲಿತದ್ದು ನಷ್ಟದಿಂದ. ಮನೆಯ ಕೆಳಗಿನ ಎರಡೆಕರೆ ಹಕ್ಕಲಿಗೆ ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ತಿರುಗಿಸಿ, ಹಸಿರು ಕಂಡೊಡನೆ ಮರುದಿನವೇ ದನ ಬಿಟ್ಟೆವು. ಎರಡು ವರ್ಷದಲ್ಲಿ ಗೊರಸಿನ ಗುಂಡಿಗಳೂ ನಾಚಿಕೆಮುಳ್ಳೂ ಉಳಿದವು. ಹಿಂಡಿಯ ಖರ್ಚು ತಡೆಯಲಾರದೆ ಎರಡು ಹಸು ಮಾರಿದೆವು. ನೀರು ಕೊಟ್ಟು ಕೆಡಿಸಿದೆವಲ್ಲ ಎಂಬ ಸಂಕಟ ಇಂದಿಗೂ ಇದೆ.

ಆಮೇಲೆ ಅದೇ ಜಾಗವನ್ನು ಗೂಟದ ಬೇಲಿಯಿಂದ ಐದು ಭಾಗ ಮಾಡಿ ಸರದಿ ಹಿಡಿದೆವು. ಮೂರನೆಯ ವರ್ಷ ಹುಲ್ಲಿನ ಸಂದಿಯಲ್ಲಿ, ನೆಲಕ್ಕಂಟಿ ಹಬ್ಬುವ ಮೂರೆಲೆಯ ಸಣ್ಣ ಸಸ್ಯವೊಂದು ತಾನಾಗಿ ಮರಳಿತು. ಅದು ಡೆಸ್ಮೋಡಿಯಂ ಜಾತಿಯದು, ಕ್ಲೋವರಿನಂತೆ ದ್ವಿದಳವೇ. ಹಿಂಡಿ ಕೊಳ್ಳುವುದು ನಿಂತಿಲ್ಲ. ಆದರೆ ಮಾರಿದ ಎರಡು ಹಸುಗಳ ಜಾಗಕ್ಕೆ ಒಂದು ಹಸು ಬಂದಿದೆ.

ಸದಸ್ಯರು ಅರ್ಧ ಎಕರೆಯಲ್ಲಾದರೂ ಹೀಗೆ ಮಾಡಿ ನೋಡಬಹುದು:

1. ಜಾಗವನ್ನು ನಾಲ್ಕೈದು ಭಾಗ ಮಾಡಿ, ಒಂದೊಂದರಲ್ಲಿ ಕೆಲವೇ ದಿನ ಮೇಯಿಸಿ.

2. ಚಿಗುರುವ ಕಾಲದಲ್ಲಿ ಮೂರು ನಾಲ್ಕು ವಾರ ಬಿಡುವು ಕೊಡಿ. ಒಣ ಕಾಲದಲ್ಲಿ ಇನ್ನೂ ಹೆಚ್ಚು.

3. ಹೆಜ್ಜೆಯಿಟ್ಟರೆ ನೀರು ಜಿನುಗುವ ನೆಲಕ್ಕೆ ದನ ಬಿಡಬೇಡಿ. ಆಷಾಢದ ಜಡಿಮಳೆಯಲ್ಲಿ ಹುಲ್ಲು ಕೊಯ್ದು ಕೊಟ್ಟಿಗೆಗೇ ಹಾಕಿ.

4. ದನ ಬಿಟ್ಟ ದಿನ, ಹೊರಡಿಸಿದ ದಿನ, ನೀರು ಕೊಟ್ಟ ದಿನ, ಮೂರನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಆ ಕ್ಯಾಲೆಂಡರನ್ನು ಬರುವ ವಾರ್ಷಿಕ ಮಹಾಸಭೆಗೆ ತನ್ನಿ. ನಮ್ಮದನ್ನೂ ತರುತ್ತೇವೆ. ಎರಡನ್ನೂ ಪಕ್ಕದಲ್ಲಿಟ್ಟು ಮಾತಾಡೋಣ.